ಎಡಕ್ಕೊಂದು ಮುತ್ತು ಹೆಚ್ಚು

ಮನೆಯಿಂದ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಮ್ಮಾ,

ಕಣ್ಣಿನ ಪಟ್ಟಿ ಬಿಚ್ಚಿದರಾ? ಉಜ್ಜಿಕೊಳ್ಳಬೇಡ. ಮೆಟ್ಟಿಲು ಇಳಿಯುವಾಗ ಅಕ್ಕನ ಕೈ ಹಿಡಿದುಕೋ. ಇದನ್ನು ಅಕ್ಕನೇ ಓದಿ ಹೇಳಬೇಕಲ್ಲ, ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಲಿ, ನಗಬಾರದು.

ನೀನು ಹೋದ ಮೂರನೇ ದಿನಕ್ಕೇ ದೊಡ್ಡಮನೆಯಿಂದ ಏಳೆಳೆ ಮುತ್ತಿನ ಹಾರ ಪೋಣಿಸೋಕೆ ಬಂತು. ಆ ಮನೆಯಲ್ಲಿ ಸೊಸೆಯರಿಗೆ ಐದೆಳೆ, ಏಳೆಳೆ ಹಿರಿಯಮ್ಮನವರಿಗೆ ಮಾತ್ರ ಅಂತ ನೀನೇ ಹೇಳಿದ್ದೆ. ಕಡಲೆ ಗಾತ್ರದ ಮುತ್ತು, ನಡುವೆ ಕೆಂಪಿನ ಪದಕ. ಪದಕದ ಬೆನ್ನಲ್ಲೂ ಹೂಬಳ್ಳಿ ಕೆತ್ತಿದ್ದಾರಮ್ಮಾ, ಮೈಗೆ ತಾಗುವ ಕಡೆ, ಯಾರೂ ನೋಡದ ಕಡೆ. ದೊಡ್ಡಸ್ತಿಕೆ ಅಂದರೆ ಇದೇ ಇರಬೇಕು ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಬದಿ ಪೋಣಿಸಿದ ಮೇಲೇ ಇನ್ನೊಂದು ಬದಿ ಬಿಚ್ಚು ಅಂತ ನೀನು ಬಡಕೊಂಡಿದ್ದೆ. ಹಳೇ ದಾರ ಎಲ್ಲಿ ಕಿತ್ತು ಹೋಗುತ್ತೋ ಅಂತ ಹೆದರಿ, ಎಳೆಗೊಂದು ಬಟ್ಟಲಿಟ್ಟು ಎಲ್ಲಾ ಸುರಿದುಬಿಟ್ಟೆ. ಪದಕದ ಎರಡೂ ಕಡೆಗೆ ಸಮನಾಗಿ ಹಂಚಿದರೆ ಬಟ್ಟಲಿಗೊಂದು ಮುತ್ತು ಮಿಕ್ಕಿತು. ಒಟ್ಟು ಏಳು. ನಾಲ್ಕು ಸಲ ಎಣಿಸಿದೆ. ನೀನು ನಲವತ್ತು ವರ್ಷ ಉಳಿಸಿಕೊಂಡ ದೊಡ್ಡಮನೆ ಕೆಲಸ ನನ್ನ ಕೈಲಿ ಹೋಯಿತು ಅಂದುಕೊಂಡೆ.

ಎರಡೂ ಕಡೆ ಸಮನಾಗೇ ಪೋಣಿಸಿ, ಮಿಕ್ಕಿದ್ದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ಹಾರ ತಗೊಂಡು ನಾನೇ ಹೋದೆ. ಗಂಟು ಬಿಚ್ಚಿ ಮುಂದಿಟ್ಟೆ. ಹಿರಿಯಮ್ಮ ಹಾರ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಪದಕ ಎಡಕ್ಕೆ ವಾಲಿತು. ಆಗ ಕಂಡಿತು ನೋಡು, ಅವರ ಎಡಭುಜ ಬಲಕ್ಕಿಂತ ಒಂದು ಬೆರಳು ಮೇಲಿದೆ. ಬಾಗಿಲು ಹಾಕಿಸಿ ಮೆಲ್ಲಗೆ ಅಂದರು, "ನಿಮ್ಮಮ್ಮ ನನ್ನನ್ನು ನೆಟ್ಟಗೆ ಮಾಡಿಟ್ಟಿದ್ದಳು ಕಣೇ, ನೀನು ಮತ್ತೆ ಸೊಟ್ಟ ಮಾಡಿದೆ." ಬೈತಾರೆ ಅಂದುಕೊಂಡರೆ ನಕ್ಕರು.

ಅಲ್ಲೇ ಕಿಟಕಿ ಕೆಳಗೆ ಕೂತು, ಎಡಕ್ಕೆ ಎಳೆಗೊಂದು ಮುತ್ತು ಸೇರಿಸಿ ಪೋಣಿಸಿಕೊಟ್ಟೆ. ಹಾಕಿಕೊಂಡು ಹಜಾರಕ್ಕೆ ಬಂದರು, ಕೂತವರೆಲ್ಲ ತಾವಾಗೇ ಎದ್ದರು. ಪದಕ ಎದೆ ನಡುವೆ ನೂಲು ಹಿಡಿದ ಹಾಗೆ ನಿಂತಿತ್ತು. ಭುಜ ಯಾರಿಗೂ ಕಾಣಲಿಲ್ಲ. ಬಾಗಿಲ ಮರೆಯಲ್ಲಿದ್ದ ನನಗೂ, ಗೊತ್ತಿದ್ದೂ, ಕಾಣಲಿಲ್ಲ.

ಭಾವನನ್ನು ಕೇಳಿದೆ ಅಂತ ಹೇಳು. ಕಣ್ಣಿನ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೋ, ನೀನು ಮರೀತೀಯ.

ನಿನ್ನ ಪುಕ್ಕಲಿ

ಮರೆತೇ ಬಿಟ್ಟಿದ್ದೆ: ಶುಕ್ರವಾರ ಸೊಸೆಯರ ಹಾರ ಮೂರೂ ಬರ್ತಾವೆ. ಯಾರ ಭುಜ ಹೇಗೆ, ಯಾರ ಕತ್ತು ಹೇಗೆ, ಬೇಗ ಬರೆಸಿ ಕಳಿಸಮ್ಮಾ. ಅಕ್ಕಾ, ಬರೆದುಕೊಟ್ಟು ಅಲ್ಲೇ ಮರೆತುಬಿಡು, ಈ ಕಾಗದಾನೂ ಹರಿದುಹಾಕು. ಇಷ್ಟು ವರ್ಷ ಪಕ್ಕದಲ್ಲೇ ಕೂತ ನನಗೇ ಅಮ್ಮ ಹೇಳಿಲ್ಲ, ನಿನ್ನ ಬಾಯಿ ಎಂಥದ್ದು ಅಂತ ನನಗೆ ಗೊತ್ತು.