ಮನೆ ನೋಡಲು ಬರುವ ಮುನ್ನ

ತಿಪಟೂರು
14-11-2024

ಪ್ರೀತಿಯ ನಿರ್ಮಲಾ,

ನೀನು, ನಿಮ್ಮ ಯಜಮಾನರು, ವರ್ಷಿಣಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ನಾನೂ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ದೀಪಾವಳಿಗೂ ಮೊದಲು ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈದರೂ ಬೈಯಿ, ಮಾಯಸಂದ್ರದ ಸ್ಕೂಲಿನಲ್ಲಿ ನಿನ್ನ ಬೈಗುಳ ತಿಂದೇ ಅಲ್ಲವೇ ನಾನು ಲೆಕ್ಕ ಕಲಿತದ್ದು.

"ನಿನ್ನ ಮೈದುನ ಭುವನ್ ಎಂಥ ಹುಡ್ಗ? ವರ್ಷಿಣೀನ ನಿಮ್ಮನೆಗೆ ಕೊಡಬೋದಾ? ನೀನು ಹೂಂ ಅಂದ್ರೆ ಸಾಕು ಕಣೇ" ಎಂದಿದ್ದೆ ಫೋನಿನಲ್ಲಿ. ನಾನು ಹೋಳಿಗೆಯ ಮಾತು ತೆಗೆದು ಜಾರಿಕೊಂಡೆ. ನಮ್ಮಲ್ಲಿ ಯಾರ ಫೋನ್ ಬಂದರೂ ನಾನು ನಡುಮನೆಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡಬೇಕು. "ಮುಚ್ಚಿಡೋ ಅಂಥದ್ದು ಏನೈತೆ?" ಎನ್ನುತ್ತಾರೆ ನಮ್ಮ ಯಜಮಾನರು ತೋಂಟದಾರ್ಯ. ಅದಕ್ಕೇ ಈ ಕಾಗದ. ತಿಪಟೂರಿನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಯಜಮಾನರು ಕೊಬ್ಬರಿ ಹರಾಜಿಗೆ ಹೋಗಿದ್ದಾರೆ. ನನ್ನನ್ನು ಹಂದನಕೆರೆಯಿಂದ ಕರೆತಂದ ಭುವನ್ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾನೆ.

ಏನಾಯಿತೆಂದು ಗಾಬರಿಯಾಗಬೇಡ. ದವಡೆ ನೋವು. ಮೊದಲು ಕಿವಿನೋವು ಅಂದುಕೊಂಡೆ. ಆಮೇಲಾಮೇಲೆ ಬೆಳಿಗ್ಗೆ ಎದ್ದರೆ ಬಾಯಿ ತೆರೆಯಲೇ ಆಗುತ್ತಿರಲಿಲ್ಲ. ಒಂದು ದಿನ ಮುದ್ದೆ ನುಂಗುವಾಗ ಹಲ್ಲಿನ ಚೂರು ನಾಲಿಗೆಗೆ ಸಿಕ್ಕಿತು. ಮುದ್ದೆ ಉಂಡು ಹಲ್ಲು ಮುರಿದುಕೊಂಡ ಹೆಂಗಸು ಈ ಸೀಮೆಗೆಲ್ಲ ನಾನೊಬ್ಬಳೇ ಇರಬೇಕು, ಬೇಕಾದರೆ ನಗು. ಹಲ್ಲಿನ ಡಾಕ್ಟರು ನೋಡಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಎಂದು ಹೇಳಿ, ಈ ಕ್ಲಿನಿಕ್ಕಿನ ಬಿಂದುಶ್ರೀ ಎಂಬ ಹುಡುಗಿಯ ಹತ್ತಿರ ಕಳಿಸಿದರು.

ಅವಳು ನನ್ನ ಕೆನ್ನೆ ಒತ್ತಿ ನೋಡುತ್ತಲೇ "ಆಂಟಿ, ಯೂರಿನ್ ಹೋಗೋವಾಗ ಏನಾದ್ರೂ ತೊಂದ್ರೆ ಇದ್ಯಾ?" ಎಂದಳು. ನಾನು ಬೆಚ್ಚಿಬಿದ್ದೆ. ತೊಂದರೆ ಇತ್ತು. ಕೂತರೆ ಬರುವುದಿಲ್ಲ, ಎದ್ದರೆ ತಡೆಯುವುದಿಲ್ಲ, ಕೆಮ್ಮಿದರೆ ಸೀರೆ ಒದ್ದೆ. ಕೆಳಗೆ ಯಾವಾಗಲೂ ಹಿಡಿದುಕೊಂಡಂಥ ನೋವು, ಯಜಮಾನರು ಹತ್ತಿರ ಬಂದರೆ ಜೀವ ಹೋಗುತ್ತದೆ. ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ದವಡೆ ನೋಡುವವಳಿಗೆ ಇದು ಹೇಗೆ ತಿಳಿಯಿತು?

"ಎಲ್ರಿಗೂ ಹಿಂಗೇ ಅಂತಲ್ಲ ಆಂಟಿ. ಆದ್ರೆ ದವಡೆ ಬಿಗಿ ಹಿಡಿಯೋರು ಸುಮಾರು ಜನ ಕೆಳಗೂ ಬಿಗಿ ಹಿಡ್ಕೊಂಡಿರ್ತಾರೆ. ಹೆದರಿಕೆ ಇದ್ರೆ ಎರಡೂ ಒಟ್ಟಿಗೇ ಬಿಗಿಯುತ್ತೆ" ಎಂದಳು. ಸೊಂಟದ ತಳದಲ್ಲಿ ಜೋಲಿಯ ಹಾಗೆ ಸ್ನಾಯು ಇದೆಯಂತೆ, ಗರ್ಭಕೋಶ, ಮೂತ್ರಕೋಶ ಎಲ್ಲದರ ಭಾರ ಅದರ ಮೇಲಂತೆ. ಹಲ್ಲು ಬಿಟ್ಟು, ನಾಲಿಗೆ ಸಡಿಲ ಮಾಡಿ, ಹೊಟ್ಟೆಯ ತಳದವರೆಗೆ ಉಸಿರೆಳೆದು ಬಿಡಿ ಎಂದಳು. ಬಿಟ್ಟೆ. ಕೆಳಗೂ ಏನೋ ಸಡಿಲವಾಯಿತು, ಜೊತೆಗೇ ಅಳು ಬಂತು. "ಯಾವಾಗ ಇಷ್ಟು ಬಿಗಿ ಹಿಡೀತೀರಾ?" ಎಂದು ಕೇಳಿದಳು. ಉತ್ತರ ಗೊತ್ತಿತ್ತು, ಅವಳಿಗೆ ಹೇಳಲಾಗಲಿಲ್ಲ. ನಿನಗೆ ಹೇಳುತ್ತೇನೆ.

ನಮ್ಮದು ತೋಟದ ಮನೆ, ಕಕ್ಕಸು ಹಿತ್ತಲಿನ ಆಚೆ. ಕೆಲವು ವರ್ಷದ ಹಿಂದೆ ಚಿರತೆ ಬಂದು ಕೊಟ್ಟಿಗೆಯ ಕರುವನ್ನು ಹೊತ್ತುಕೊಂಡು ಹೋಯಿತಲ್ಲ, ಅಂದಿನಿಂದ ಹೊತ್ತು ಮುಳುಗಿದೊಡನೆ ಎರಡೂ ಬಾಗಿಲಿಗೆ ಬೀಗ. ಬೀಗದ ಕೈ ಯಜಮಾನರ ದಿಂಬಿನಡಿ. ಆಗ ನನಗೂ ಸರಿ ಎನಿಸಿತ್ತು, ಜೀವದ ಆಸೆ ಯಾರಿಗಿಲ್ಲ? ಆಮೇಲೆ ಅರಣ್ಯ ಇಲಾಖೆಯವರು ಬೋನಿಟ್ಟು ಹಿಡಿದರು. ಊರಿಗೆ ಊರೇ ಬಂದು ಫೋಟೋ ತೆಗೆದುಕೊಂಡಿತು. ಚಿರತೆ ಹೋಯಿತು, ಬೀಗ ಹೋಗಲಿಲ್ಲ. "ಇನ್ನೊಂದು ಬಂದ್ರೆ?" ಎನ್ನುತ್ತಾರೆ. ಗಂಡಸರಿಗೆ ಬೇಕೆಂದಾಗ ಬಾಗಿಲು ತೆರೆಯುತ್ತದೆ, ಅವರನ್ನು ಚಿರತೆ ಮುಟ್ಟುವುದಿಲ್ಲವೇನೋ. ನಾನು ಎಬ್ಬಿಸಿದರೆ "ಎಲ್ಲಿಗೆ? ಆಚೆ ಯಾರವ್ರೆ?" ಎಂಬ ಪ್ರಶ್ನೆ. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಹಿಡಿದುಕೊಂಡಿರುವುದೇ ಮೇಲು.

ಒಳಗೇ ಒಂದು ಬಕೆಟ್ ಇಟ್ಟುಕೊಂಡೆ. ಲಿಂಗಪೂಜೆಯಾಗುವ ಮನೆಯಲ್ಲಿ ಹೇಸಿಗೆ ಎಂದು ಯಜಮಾನರು ಅದನ್ನು ಒದ್ದರು. ಅತ್ತೆ ಶಿವರುದ್ರಮ್ಮನವರು "ಸಂಜೆ ಮ್ಯಾಲೆ ನೀರು ಕುಡೀಬ್ಯಾಡ, ಅಷ್ಟೇಯ. ಬಾಯಿ ಬಿಟ್ರೆ ಬಣ್ಣಗೇಡು ಕಣಮ್ಮಿ, ಬುಡು" ಎಂದರು. ಪಾಪ, ಅವರೂ ಹಾಗೇ ಬದುಕಿದವರು. ಬೀಗದ ಕೈ ತಿರುಗುವ ಸದ್ದು ಕೇಳಿದರೆ ಸಾಕು, ನನ್ನ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ, ಕೆಳಗೂ ಬಿಗಿಯುತ್ತದೆ. ಬೆಳಕು ಹರಿಯುವವರೆಗೆ ನಾನು ಏನು ಮಾಡಿದರೂ ಬಿಡುವುದಿಲ್ಲ.

ಕಾರ್ತಿಕ ಕಳೆದ ಮೇಲೆ ನೀವೆಲ್ಲ ಮನೆ ನೋಡಲು ಬರುತ್ತೀರಂತೆ. ಅತ್ತೆ ಈಗಲೇ ಚಕ್ಕುಲಿಗೆ ಹಿಟ್ಟು ಬೀಸಿಸಿದ್ದಾರೆ. ಮನೆ ನೋಡುವವರು ಹಗಲು ಬರುತ್ತಾರೆ, ನಿರ್ಮಲಾ. ತೋಟ ಸುತ್ತುತ್ತಾರೆ, ಅಟ್ಟದ ತುಂಬ ಇರುವ ಕೊಬ್ಬರಿ ನೋಡುತ್ತಾರೆ, ಕಾಫಿ ಕುಡಿದು ಹೊತ್ತು ಮುಳುಗುವ ಮೊದಲೇ ಬಸ್ಸು ಹಿಡಿಯುತ್ತಾರೆ. ನಮ್ಮಪ್ಪನೂ ಹಾಗೇ ನೋಡಿಕೊಂಡು ಬಂದು, ಒಳ್ಳೆಯ ಮನೆ ಎಂದಿದ್ದರು.

ಇನ್ನು ಭುವನ್. ಅಣ್ಣನ ಹಾಗೆ ಜೋರಿಲ್ಲ, ಮೆತ್ತಗೆ ಮಾತಾಡುತ್ತಾನೆ. ಪ್ರತಿ ಸಲವೂ ಇಲ್ಲಿಗೆ ನನ್ನನ್ನು ಕರೆತರುವವನು ಅವನೇ. ವಾಪಸು ಹೋಗುವಾಗ "ಡಾಕ್ಟ್ರು ಏನ್ ಕೇಳುದ್ರು ಅತ್ಗೆ? ನೀವೇನಂದ್ರಿ?" ಎಂದು ವಿಚಾರಿಸುತ್ತಾನೆ. ಮೊದಮೊದಲು ಕಾಳಜಿ ಎಂದುಕೊಂಡಿದ್ದೆ. ಈಗೀಗ ಕಾರು ಹತ್ತುವ ಮೊದಲೇ ಉತ್ತರ ಹೊಂದಿಸಿಟ್ಟುಕೊಳ್ಳುತ್ತೇನೆ.

ನಾನು ಇಷ್ಟು ದಿನ ಸುಮ್ಮನಿದ್ದದ್ದು ಆಸೆಯಿಂದ ಕಣೇ. ವರ್ಷಿಣಿ ಬಂದರೆ ನನಗೊಂದು ಜೊತೆಯಾಗುತ್ತದೆ, ಇಬ್ಬರು ಕೇಳಿದರೆ ಬಾಗಿಲು ತೆಗೆದಾರು ಎಂದುಕೊಂಡೆ. ಅವಳ ಮುಖ ನೆನಪಿಗೆ ಬಂದು ನನಗೇ ಹೇಸಿಗೆಯಾಯಿತು.

ವರ್ಷಿಣಿಗೆ ನನ್ನ ಆಶೀರ್ವಾದ. ಬಾಯ್ತುಂಬ ನಗುವ ಹುಡುಗಿ, ಎಲ್ಲಿದ್ದರೂ ಹಾಗೇ ನಗುತ್ತಿರಲಿ. ನಿಮ್ಮ ಯಜಮಾನರಿಗೆ ಶರಣು ತಿಳಿಸು. ಇದನ್ನು ಬಿಂದುಶ್ರೀ ಅಂಚೆಗೆ ಹಾಕುತ್ತಾಳೆ. ನೀನು ಉತ್ತರ ಬರೆಯಬೇಡ, ಫೋನೂ ಮಾಡಬೇಡ.

ನಿನ್ನ
ಸರ್ವಮಂಗಳಾ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ವರ್ಷಿಣಿಗೆಂದು ಭುವನ್ ಹೊಸ ರೂಮು ಕಟ್ಟಿಸಿದ್ದಾನೆ, ಒಳಗೇ ಬಾತ್‌ರೂಮು. ನೀವು ಬಂದಾಗ ಅದನ್ನೇ ಮೊದಲು ತೋರಿಸುತ್ತಾರೆ, ನೀನು ಖುಷಿಪಡುತ್ತೀಯ. ನಾನೂ ಪಟ್ಟಿದ್ದೆ, ಅವಳಾದರೂ ನನ್ನ ಹಾಗೆ ಹಿಡಿದುಕೊಂಡು ಕೂರಬೇಕಿಲ್ಲ ಎಂದು. ಮೊನ್ನೆ ಗುಡಿಸಲು ಹೋದವಳು ಬಾಗಿಲು ನೋಡಿದೆ. ಒಳಗಡೆ ಚಿಲಕವೇ ಇಲ್ಲ. ಹೊರಗಡೆ ಇದೆ, ಬೀಗ ಹಾಕುವಂಥದ್ದು. ಮರೆತಿರಬೇಕೆಂದು ಬಡಗಿ ಈರಣ್ಣನನ್ನು ಕೇಳಿದೆ. "ಮರ್ತಿಲ್ಲ ಕಣಕ್ಕಾ. ಭುವನಪ್ಪಾರೇ ಮುಂದೆ ನಿಂತು ಹಾಕ್ಸುದ್ರು. ಒಳ್ಗಡೀಕೆ ಬ್ಯಾಡ ಅಂದ್ರು" ಎಂದ. ಜಾತಕ ಕೂಡಲಿಲ್ಲ ಎಂದು ಯಾರ ಕೈಲಾದರೂ ಹೇಳಿಕಳಿಸು. ಹುಡುಗಿಯನ್ನು ಕೊಡಬೇಡ. ಹಾರ್ನ್ ಹೊಡೆಯುತ್ತಿದ್ದಾನೆ.