ಮಾತಾಡಿದವರ ಸಹಿ ಮಾತ್ರ ಅಸಿಂಧು

ಸಿಬ್ಬಂದಿ ತರಬೇತಿ ವಿಭಾಗದ ಮುಖ್ಯಸ್ಥರೇ,

ನನ್ನ ಕೆಲಸ ಖಾಯಂ ಮಾಡುವುದನ್ನು ತಾವು ಮತ್ತೆ ಆರು ತಿಂಗಳು ಮುಂದೂಡಿದ್ದೀರಿ. ಕಾರಣ: 'ಬೆರೆಯುವ ಕೌಶಲ ಅಪೂರ್ಣ'. ಆದೇಶ ಓದಿ ನನಗೆ ದುಃಖವಾಗಲಿಲ್ಲ, ಹೇಸಿಗೆಯಾಯಿತು. ಯಾಕೆಂದು ಎಲ್ಲರೂ ಓದಲಿ ಎಂದೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನನಗೆ ಆಟಿಸಂ ಇದೆ, ವಯಸ್ಸು ಮೂವತ್ತಾರು. ನೀರಿನ ಮೀಟರುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅದರಲ್ಲಿ ಹುಳುಕು ಹುಡುಕಲು ತಮಗೂ ಆಗಿಲ್ಲ. ಜನರೊಡನೆ ಮಾತಾಡುವುದು ಮಾತ್ರ ಕಷ್ಟ. ಕಲಿಯುವ ಆಸೆ ನನಗೇ ಇತ್ತು, ತಮ್ಮ ಹನ್ನೆರಡು ವಾರಗಳ ತರಬೇತಿಗೆ ಖುಷಿಯಿಂದಲೇ ಬಂದೆ. ಎದುರಿನವರ ಹುಬ್ಬುಗಳ ನಡುವೆ ನೋಡಿ, ಮೂರು ಎಣಿಸಿ, ನಗಿ ಎಂದು ಕಲಿಸಿದಿರಿ. ಕೊನೆಗೊಂದು ಫಾರಂ ಕೊಟ್ಟಿರಿ. 'ಇವರೊಡನೆ ಹತ್ತು ನಿಮಿಷ ಮಾತಾಡಿದ್ದೇನೆ' ಎಂದು ಐವರು ಸಹೋದ್ಯೋಗಿಗಳು ಅದಕ್ಕೆ ಸಹಿ ಹಾಕಬೇಕಿತ್ತು.

ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೊರಟೆ. ಮೊದಲನೆಯವರು "ಎಲ್ಲಿ, ಕೊಡಿ ಇಲ್ಲಿ" ಎಂದು ಫೋನಿನಿಂದ ಕಣ್ಣೆತ್ತದೆ ಗೀಚಿದರು. ಎರಡನೆಯವರು ನನ್ನ ಹೆಸರಿಗಾಗಿ ಫಾರಂ ನೋಡಿದರು. ಮೂರು ವರ್ಷದಿಂದ ನಮ್ಮ ಮೇಜುಗಳು ಒಂದಕ್ಕೊಂದು ತಾಗಿಕೊಂಡಿವೆ. ಇನ್ನಿಬ್ಬರು ತಮ್ಮತಮ್ಮೊಳಗೆ ಹರಟುತ್ತಲೇ ಹಾಕಿಕೊಟ್ಟರು. ನಾಲ್ಕು ಸಹಿಗೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಬೆರೆಯಲು ಬಾರದವನು ನಾನಂತೆ!

ಕಚೇರಿ ಗುಡಿಸುವ ಅಕ್ಕ ಮಾತ್ರ ಪೆನ್ನು ಮುಟ್ಟಲಿಲ್ಲ. "ಮಾತೇ ಆಡ್ದೆ ಹೆಂಗೆ ಸೈನ್ ಹಾಕ್ಲಿ ತಮ್ಮಾ? ಕೂತ್ಕೊ ಮೊದ್ಲು" ಎಂದು ಬಕೆಟ್ ಬೋರಲು ಹಾಕಿ ತಾವೂ ಕೂತರು. ದಿನವಿಡೀ ಆ ಮೀಟರಿಗೆ ಏನು ಮಾಡುತ್ತೀ ಎಂದರು. ಹೇಳಿದೆ. "ಅಲ್ಲಾ, ನೀರಿಲ್ದೆ ಬರೀ ಗಾಳಿ ಬಂದ್ರೂ ಮುಳ್ಳು ತಿರುಗುತ್ತಾ?" ಎಂದರು. ಮೊದಲ ಪ್ರಶ್ನೆಯನ್ನು ಬೇಕಾದಷ್ಟು ಜನ ಕೇಳಿದ್ದಾರೆ, ಉತ್ತರ ಕೇಳಿಸಿಕೊಂಡು ಎರಡನೆಯದನ್ನು ಕೇಳಿದವರು ಇವರೊಬ್ಬರೇ. ನಲವತ್ತು ನಿಮಿಷ ಮಾತಾಡಿದೆವು. ಹುಬ್ಬು ನೋಡುವುದು ಮರೆತೇಹೋಯಿತು. ಅವರ ಮೊಣಕಾಲು ನೋವಿನ ಬಗ್ಗೆ ನಾನೂ ಕೇಳಿದೆ, ಚೀಟಿಯಲ್ಲಿ ಇಲ್ಲದ್ದನ್ನೇ ಕೇಳಿದೆ. ಅಂದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಸಹಿಯನ್ನೇ ತಾವು ಕೆಂಪು ಗೆರೆ ಎಳೆದು ಹೊಡೆದುಹಾಕಿದಿರಿ. ಗುತ್ತಿಗೆಯವರು ಸಹೋದ್ಯೋಗಿಗಳಲ್ಲವಂತೆ! ಹನ್ನೊಂದು ವರ್ಷದಿಂದ ತಮ್ಮ ಕೋಣೆ ಗುಡಿಸುತ್ತಿರುವವರು ಮತ್ತೇನು, ಅತಿಥಿಗಳೇ? ತಮ್ಮ ಗುಮಾಸ್ತರು ದಾರಿಯನ್ನೂ ತೋರಿಸಿದರು: "ಇನ್ನೊಂದು ಸೈನ್ ತಾನೇ? ಯಾರ ಹತ್ರನಾದ್ರೂ ಹಾಕಿಸ್ಕೊಂಡ್ ಬನ್ನಿ, ಮುಗೀತು." ತಾವು ಕಲಿಸುವ ಕೌಶಲ ಇದೇ ಏನು?

ನಾನು ತರುವುದಿಲ್ಲ. ಆ ನಾಲ್ಕು ಸುಳ್ಳು ಸಹಿಗಳನ್ನು ರದ್ದು ಮಾಡಿ, ಅಕ್ಕನದನ್ನು ಉಳಿಸಿ. ಸಾಲದೆಂದರೆ ಮತ್ತೆ ತರಬೇತಿಗೆ ಬರುತ್ತೇನೆ, ಆ ನಾಲ್ವರೂ ನನ್ನ ಪಕ್ಕದಲ್ಲಿ ಕೂರಲಿ. ಇನ್ನೊಂದು ಮಾತು. ತನ್ನ ಸಹಿ ಯಾಕೆ ನಡೆಯಲಿಲ್ಲ ಎಂದು ಅಕ್ಕ ದಿನಾ ಕೇಳುತ್ತಿದ್ದಾರೆ. ಅದನ್ನು ಹೇಳಲು ನನಗೆ ಬಾಯಿ ಬರುತ್ತಿಲ್ಲ. ತಾವು ಮಾತು ಬಲ್ಲವರು, ಬಂದು ಅವರ ಮುಖ ನೋಡಿ ತಾವೇ ಹೇಳಿ.

ಇಂತಿ,
ತಮ್ಮ ಕಡತದ ಪ್ರಕಾರ ಇನ್ನೂ ಮಾತು ಬಾರದ
ಮೀಟರ್ ಪರೀಕ್ಷಕ