ರೆಪ್ಪೆಯೊಳಗಿನ ಬಣ್ಣ

ಸೆಪ್ಟೆಂಬರ್ ೧೨, ಗುರುವಾರ ಬೆಳಗ್ಗೆ

ಅಮ್ಮಾ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಹೇಗಿದ್ದೀಯೆಂದು ನಿನ್ನೆ ಅಕ್ಕ ಫೋನಿನಲ್ಲಿ ಹೇಳಿದಳು. ನಿನ್ನ ಕಣ್ಣಿಗೆ ಪಟ್ಟಿ ಇರುವುದರಿಂದ ಈ ಕಾಗದವನ್ನೂ ಅವಳೇ ಓದಿ ಹೇಳಬೇಕು. ಅಕ್ಕಾ, ಒಂದಕ್ಷರವನ್ನೂ ನುಂಗಬೇಡ. ಬೇಡವಾದದ್ದನ್ನು ನುಂಗಿ ಓದುವ ಚಾಳಿ ನಿನಗೆ ಚಿಕ್ಕಂದಿನಿಂದ ಇದೆ.

ನಮ್ಮ ಕುರಿಗಳಲ್ಲಿ ಏಳು ಸತ್ತಿವೆ. ಅಮ್ಮಾ, ಇದನ್ನು ಹೇಳಲು ವಾರದಿಂದ ಫೋನ್ ಎತ್ತಿಕೊಳ್ಳುತ್ತಿದ್ದೆ, ಬಾಯೇ ಬರಲಿಲ್ಲ.

ಮೊಮ್ಮಗುವನ್ನು ನೋಡಿ ಬರುತ್ತೇನೆಂದು ನೀನು ಬಸ್ಸು ಹತ್ತಿದ ಮೂರನೇ ದಿನ ನಮ್ಮ ಗುಂಗುರು ಕುರಿ ಏಳಲಿಲ್ಲ. ಅದರ ಭೇದಿ ನಿನಗೂ ಗೊತ್ತಿತ್ತು. ಒಂದೂವರೆ ತಿಂಗಳಿನಿಂದ ಬಾಲದ ಉಣ್ಣೆ ಒಣಗಿದ್ದೇ ಇಲ್ಲ. ಹಸಿ ಹುಲ್ಲು ಹೆಚ್ಚಾಗಿದೆ ಎಂದು ನೀನೇ ಒಣಹುಲ್ಲು ಹಾಕಿಸಿದ್ದೆ. ಆ ದಿನ ನೋಡಿದರೆ ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿದ್ದಿತ್ತು. ಮಧ್ಯಾಹ್ನದೊಳಗೆ ಸತ್ತುಹೋಯಿತು. ದನದಾಸ್ಪತ್ರೆಯ ಡಾಕ್ಟರಮ್ಮ ಬಂದು ಕೊಟ್ಟಿಗೆಯ ಹಿಂದೆಯೇ ಅದರ ಹೊಟ್ಟೆ ಕೊಯ್ದರು. ನಾನು ಬಕೆಟ್ ಹಿಡಿದು ನಿಂತಿದ್ದೆ. ಒಳಗೆಲ್ಲ ಕೆಂಪು ಬಿಳಿ ದಾರ ಹೊಸೆದಂಥ ಸಣ್ಣ ಹುಳುಗಳು, ಒಂದರ ಮೇಲೊಂದು ಮಿಸುಕಾಡುತ್ತಿದ್ದವು.

"ಇವು ರಕ್ತ ಕುಡಿಯೋ ಹುಳ. ಭೇದಿ ಮಾಡಿಸೋ ಜಾತಿ ಬೇರೆ, ಅದೂ ಕರುಳಲ್ಲಿದೆ. ಔಷಧಿ ಯಾವಾಗ ಕೊಟ್ರಿ?" ಎಂದರು. ಕೊಟ್ಟಿಲ್ಲ ಎಂದೆ. ಕೈಗವಸು ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. "ಯಾಕೆ, ನಿಮ್ಮಮ್ಮ ರೆಪ್ಪೆ ನೋಡ್ಲಿಲ್ವಾ?"

ಎರಡು ವಾರಕ್ಕೊಂದು ಭಾನುವಾರ ಓಣಿಯವರೆಲ್ಲ ಕುರಿ ಹೊಡೆದುಕೊಂಡು ನಮ್ಮ ಅಂಗಳಕ್ಕೆ ಬರುವುದು ಅವರಿಗೂ ಗೊತ್ತು. ಕೆಳರೆಪ್ಪೆ ಮಡಚಿ ನೋಡುವುದನ್ನು ನಿನಗೆ ಕಲಿಸಿದ್ದೇ ಅವರು. ಒಳಗೆ ಕೆಂಪಗಿದ್ದರೆ ಮೈಯಲ್ಲಿ ರಕ್ತವಿದೆ, ಔಷಧಿ ಬೇಡ. ಬಿಳಿಚಿಕೊಂಡಿದ್ದರೆ ಹುಳುವಿದೆ, ಕೊಡಬೇಕು. ಎಲ್ಲಕ್ಕೂ ಸುಮ್ಮಸುಮ್ಮನೆ ಕುಡಿಸಿದರೆ ಹುಳುಗಳಿಗೇ ಔಷಧಿ ಒಗ್ಗಿಹೋಗುತ್ತದಂತೆ. ನೀನು "ಕೊಡಿ" ಎಂದದ್ದಕ್ಕೆ ಕೊಡುತ್ತಿದ್ದರು, "ಬೇಡ" ಎಂದದ್ದಕ್ಕೆ ಬಿಡುತ್ತಿದ್ದರು. ನಿನ್ನ ಮಾತಿಗೆ ಯಾರೂ ಎದುರಾಡಿದ್ದಿಲ್ಲ.

ಡಾಕ್ಟರಮ್ಮ ಉಳಿದವನ್ನು ಒಂದೊಂದಾಗಿ ಹಿಡಿಸಿ ರೆಪ್ಪೆ ಮಡಚಿ ತೋರಿಸಿದರು. ಇಪ್ಪತ್ತೆರಡು ಕುರಿಗಳದ್ದು ಸುಣ್ಣ ಬಳಿದಂತೆ ಬೆಳ್ಳಗೆ. ಹಿಂದಿನ ಭಾನುವಾರವಷ್ಟೇ ಅವಕ್ಕೆಲ್ಲ ಬೇಡ ಎಂದಿದ್ದೆಯಲ್ಲ!

ಅಂದಿನಿಂದ ಗೋಣಿಚೀಲದ ಜೋಲಿಯಲ್ಲಿ ಒಂದೊಂದನ್ನೇ ತೂಗಿ, ಡಾಕ್ಟರಮ್ಮ ಕೊಟ್ಟ ಔಷಧಿಯನ್ನು ತೂಕಕ್ಕೆ ತಕ್ಕಂತೆ ಕುಡಿಸಿದ್ದೇವೆ. ತಲೆ ಎತ್ತಿ ಹಿಡಿಯದೆ, ನಾಲಿಗೆಯ ಹಿಂದಕ್ಕೆ ನಿಧಾನವಾಗಿ ಬಿಡಬೇಕು. ಕಾಲುವೆ ದಂಡೆಯ ಹುಲ್ಲಿಗೆ ಈಗ ಬಿಡುತ್ತಿಲ್ಲ, ಹುಳುವಿನ ಮರಿಗಳು ಇರುವುದೇ ಆ ಒದ್ದೆ ಹುಲ್ಲಿನಲ್ಲಂತೆ. ಆದರೂ ಇನ್ನಾರು ಹೋದವು. ಮತ್ತೆ ಐದರ ವಿಷಯದಲ್ಲಿ ಡಾಕ್ಟರಮ್ಮ ಏನೂ ಮಾತು ಕೊಡುತ್ತಿಲ್ಲ. ಎದುರುಮನೆಯ ದರ್ಜಿ, ನಮ್ಮ ಸೂಜಿಮಾವ, ಇದ್ದ ನಾಲ್ಕರಲ್ಲಿ ಮೂರನ್ನು ಕಳೆದುಕೊಂಡರು. ಈ ಭಾನುವಾರ ಓಣಿಯವರು ಮತ್ತೆ ಬರುತ್ತಾರೆ. ಯಾವ ಮುಖ ಇಟ್ಟುಕೊಂಡು ಗೇಟು ತೆಗೆಯಲಿ?

ಇಷ್ಟರಲ್ಲಿ ಅಕ್ಕನ ಫೋನು. ನೀನು ಹೋಗಿದ್ದು ಮೊಮ್ಮಗುವಿಗಾಗಿ ಅಲ್ಲವಂತೆ. ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿದೆಯಂತೆ. ಕೆಂಪು ಯಾವುದು, ಬಿಳಿಚಿದ್ದು ಯಾವುದು, ಒಂದೂ ತಿಳಿಯುತ್ತಿರಲಿಲ್ಲ ಎಂದು ಕಣ್ಣಿನ ಡಾಕ್ಟರ ಮುಂದೆ ನೀನೇ ಒಪ್ಪಿಕೊಂಡೆಯಂತೆ. ಮೂರು ವರ್ಷ! ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ ಇದ್ದೂ ನನಗೆ ಹೇಳಲಿಲ್ಲವಲ್ಲ. ಅಷ್ಟು ಬೇಡವಾದೆನೇ ನಾನು? ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಪ್ರತಿ ಕುರಿಯ ರೆಪ್ಪೆ ಮಡಚಿ ನೀನು ನನ್ನತ್ತ ತಿರುಗಿ, "ಹೇಗಿದೆ, ನೀನೇ ಹೇಳು ನೋಡೋಣ" ಎನ್ನುತ್ತಿದ್ದೆ. ಓಣಿಯವರು ನಗುತ್ತಿದ್ದರು, ಮಗಳಿಗೆ ಪರೀಕ್ಷೆ ಎಂದು. ನಾನೂ ಹಾಗೇ ಅಂದುಕೊಂಡೆ. ನೀನು ಒಮ್ಮೆಯೂ ತಿದ್ದಲಿಲ್ಲ. ನೂರಕ್ಕೆ ನೂರು ಎಂದು ಒಳಗೊಳಗೇ ಬೀಗುತ್ತಿದ್ದೆ. ಅದು ಪರೀಕ್ಷೆಯಾಗಿರಲಿಲ್ಲ ಅಲ್ಲವೇ ಅಮ್ಮಾ? ನಾನು ಹೇಳಿದ್ದನ್ನೇ ನೀನು ಅವರಿಗೆ ಹೇಳುತ್ತಿದ್ದೆ. ನಾನೂ ನನಗೆ ತಿಳಿದಷ್ಟು ನೋಡಿಯೇ ಹೇಳುತ್ತಿದ್ದೆ. ಚಪ್ಪರದ ನೆರಳಿನಲ್ಲಿ ಬೆಳಕು ಸಾಲುತ್ತಿರಲಿಲ್ಲ, ಅಷ್ಟೇ.

ಪಟ್ಟಿ ಬಿಚ್ಚುವವರೆಗೆ ಅಲ್ಲೇ ಇರು. ಕಣ್ಣು ಉಜ್ಜಬೇಡ. ಅಳಲೂ ಬೇಡ, ಆಪರೇಷನ್ನಿನ ಹೊಲಿಗೆಗೆ ಒಳ್ಳೆಯದಲ್ಲ ಎಂದು ಅಕ್ಕ ಹೇಳಿದಳು.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿಯದ,
ನಿನ್ನ ಚಿಕ್ಕ ಮಗಳು

ತಾ.ಕ.: ಅಕ್ಕಾ, ಇದನ್ನೂ ಓದು. ಅಮ್ಮಾ, ಬೆಳಕಿನ ಮಾತು ಸುಳ್ಳು. ನಾನು ನೋಡುತ್ತಲೇ ಇರಲಿಲ್ಲ. ಈ ಮಳೆಗಾಲದಲ್ಲಿ ಪ್ರತಿ ಸಲ ಮೊದಲ ಹತ್ತನ್ನು ಮಾತ್ರ ನೋಡುತ್ತಿದ್ದೆ. ಆಮೇಲೆ ಬೇಸರವಾಗಿ, ಬೇಗ ಮುಗಿಯಲಿ ಎಂದು ಎಲ್ಲಕ್ಕೂ "ಕೆಂಪು, ಕೆಂಪು" ಎನ್ನುತ್ತಿದ್ದೆ. ತಪ್ಪಿದರೆ ನೀನು ತಿದ್ದುತ್ತೀಯಲ್ಲ ಎಂಬ ಧೈರ್ಯ. ಸೂಜಿಮಾವನ ಕುರಿಗಳು ಯಾವಾಗಲೂ ಕೊನೆಗೇ ಬರುತ್ತಿದ್ದವು. ನಿನ್ನೆ ಸಂಜೆ ನಿನ್ನ ಕಣ್ಣಿನ ವಿಷಯವನ್ನು ಓಣಿಗೆಲ್ಲ ನಾನೇ ಹೇಳಿದೆ. ಇದನ್ನು ಮಾತ್ರ ಹೇಳಲಿಲ್ಲ. ಸೂಜಿಮಾವ ನನ್ನ ತಲೆ ಸವರಿ, "ನಿಂದೇನು ತಪ್ಪಿದೆ ಬಿಡು ಮಗಾ, ಅಮ್ಮ ಮುಚ್ಚಿಟ್ರೆ ನೀನೇನ್ ಮಾಡ್ತೀಯ" ಎಂದರು. ನಾನು ತಲೆ ಸವರಿಸಿಕೊಂಡು ಸುಮ್ಮನೆ ನಿಂತಿದ್ದೆ. ಅವರ ಹೊಲಿಗೆ ಯಂತ್ರದ ಸದ್ದು ಇಲ್ಲಿಗೆ ಕೇಳುತ್ತಿದೆ. ಈ ಕಾಗದ ಮಡಚಿ ಮೊದಲು ಅಲ್ಲಿಗೆ ಹೋಗುತ್ತೇನೆ.